ಕಡತ ಯಾವ ಪೀಠಕ್ಕೆ?

(ಸಂಸ್ಥೆಯ ವಾರ್ಷಿಕ ಸಮಾರಂಭದಲ್ಲಿ ಮಾಡಿದ ಭಾಷಣ)



ನಾನು ಕಾನೂನು ಓದಿದವಳಲ್ಲ. ಉರ್ದು ಮತ್ತು ಕನ್ನಡ ಕಲಿಸುವ ಶಿಕ್ಷಕಿ. ಆದರೆ ವಕೀಲ, ಅರ್ಜಿ, ಜಾಮೀನು, ಫಿರ್ಯಾದಿ ಈ ಮಾತುಗಳು ನಮ್ಮ ಎರಡೂ ಭಾಷೆಗಳಲ್ಲಿವೆ. ಆ ಧೈರ್ಯದಿಂದ ನಿಂತಿದ್ದೇನೆ.

2022ರ ಫೆಬ್ರವರಿಯಲ್ಲಿ ತರಗತಿಯ ಹುಡುಗಿಯೊಬ್ಬಳು ಕೇಳಿದಳು: "ಟೀಚರ್, ಒಬ್ಬ ಜಡ್ಜ್ ಕೇಳುತ್ತಿದ್ದ ಕೇಸನ್ನು ಮೂವರಿಗೆ ಕೊಟ್ಟರಂತೆ. ಹಾಗೆ ಬದಲಾಯಿಸುವವರು ಯಾರು?" ಅಂದು ನನಗೆ ಉತ್ತರ ಗೊತ್ತಿರಲಿಲ್ಲ. ಆಮೇಲೆ ಓದಿ ತಿಳಿದದ್ದನ್ನೇ ಇಂದು ಹೇಳುತ್ತಿದ್ದೇನೆ.

ಶಾಲೆಯಲ್ಲಿ ವೇಳಾಪಟ್ಟಿ ಹಾಕುವವರು ಮುಖ್ಯೋಪಾಧ್ಯಾಯರು. ಯಾವ ತರಗತಿ ಯಾರಿಗೆ ಎಂದು ಅವರೇ ನಿರ್ಧರಿಸುತ್ತಾರೆ. ಆದರೆ ನಾನು ತಿದ್ದುವ ಉತ್ತರಪತ್ರಿಕೆಗೆ ಇಷ್ಟೇ ಅಂಕ ಕೊಡಿ ಎನ್ನುವಂತಿಲ್ಲ. ಮುಖ್ಯ ನ್ಯಾಯಮೂರ್ತಿಗಳ ಸ್ಥಾನವೂ ಹೆಚ್ಚು ಕಡಿಮೆ ಇದೇ. ತೀರ್ಪು ನೀಡುವುದರಲ್ಲಿ ಉಳಿದವರಿಗೆ ಸಮಾನರು, ಕೆಲಸ ಹಂಚುವುದರಲ್ಲಿ ಮಾತ್ರ ಅವರದೇ ಮಾತು. ರಾಜಸ್ಥಾನದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 1997ರಲ್ಲಿ ಇದನ್ನು ಸ್ಪಷ್ಟಪಡಿಸಿತು. ತಮಗೆ ಹಂಚಿಕೆಯಾಗದ ಪ್ರಕರಣವನ್ನು ಬೇರೆ ನ್ಯಾಯಮೂರ್ತಿಗಳು ತಾವಾಗಿಯೇ ಕೈಗೆತ್ತಿಕೊಳ್ಳುವಂತಿಲ್ಲ.

ಆ ಹುಡುಗಿ ಕೇಳಿದ್ದು ಹಿಜಾಬ್ ಪ್ರಕರಣದ ಬಗ್ಗೆ. ಫೆಬ್ರವರಿ 9ರಂದು ನ್ಯಾಯಮೂರ್ತಿ ಕೃಷ್ಣ ಎಸ್. ದೀಕ್ಷಿತ್ ಅವರು ಇದರಲ್ಲಿ ಸಂವಿಧಾನದ ಮಹತ್ವದ ಪ್ರಶ್ನೆಗಳಿವೆ ಎಂದು ಕಡತವನ್ನು ಮುಖ್ಯ ನ್ಯಾಯಮೂರ್ತಿಗಳಿಗೆ ಕಳುಹಿಸಿದರು. ಮುಖ್ಯ ನ್ಯಾಯಮೂರ್ತಿ ರಿತುರಾಜ್ ಅವಸ್ಥಿ ಅವರು ತಾವು, ದೀಕ್ಷಿತ್ ಮತ್ತು ಜೆ.ಎಂ. ಖಾಜಿ ಇರುವ ಪೀಠವನ್ನು ಅಂದೇ ರಚಿಸಿದರು. ಮರುದಿನವೇ ವಿಚಾರಣೆ ಆರಂಭವಾಯಿತು. ಮಾರ್ಚ್ 15ರಂದು ಅರ್ಜಿಗಳು ವಜಾ ಆದವು. ತೀರ್ಪಿನ ಬಗ್ಗೆ ನಮ್ಮ ನಮ್ಮ ಅಭಿಪ್ರಾಯ ಏನೇ ಇರಲಿ, ಪೀಠ ರಚನೆಗೆ ಒಂದು ದಿನವೂ ಹಿಡಿಯಲಿಲ್ಲ ಎಂಬುದನ್ನು ಗಮನಿಸಿ. ಸುಪ್ರೀಂ ಕೋರ್ಟಿನಲ್ಲಿ 2022ರ ಅಕ್ಟೋಬರ್ 13ರಂದು ನ್ಯಾಯಮೂರ್ತಿಗಳಾದ ಹೇಮಂತ್ ಗುಪ್ತಾ ಮತ್ತು ಸುಧಾಂಶು ಧೂಲಿಯಾ ಭಿನ್ನ ತೀರ್ಪು ನೀಡಿದರು. ಸೂಕ್ತ ಪೀಠ ರಚನೆಗಾಗಿ ಕಡತ ಮತ್ತೆ ಮುಖ್ಯ ನ್ಯಾಯಮೂರ್ತಿಗಳ ಮೇಜಿಗೇ ಹೋಯಿತು. ಇಂಥ ಪೀಠವನ್ನು ಇಷ್ಟು ದಿನದೊಳಗೆ ರಚಿಸಬೇಕೆಂದು ಕಾನೂನಿನಲ್ಲಿ ಗಡುವಿಲ್ಲ. ಈ ಅಧಿಕಾರದ ನಿಜವಾದ ತೂಕ ಇರುವುದು ಇಲ್ಲೇ ಎಂದು ನನಗೆ ತೋರುತ್ತದೆ. ದೊಡ್ಡವರ ಕಡತ ಕಾಯಬಹುದು, ಪಿಯುಸಿ ಹುಡುಗಿಯ ವರ್ಷ ಕಾಯುವುದಿಲ್ಲ.

ನ್ಯಾಯಮೂರ್ತಿಗಳಲ್ಲೂ ಇದರ ಬಗ್ಗೆ ಅಸಮಾಧಾನ ಇಲ್ಲದಿಲ್ಲ. 2018ರ ಜನವರಿ 12ರಂದು ಸುಪ್ರೀಂ ಕೋರ್ಟಿನ ನಾಲ್ವರು ಹಿರಿಯ ನ್ಯಾಯಮೂರ್ತಿಗಳು ಪ್ರಕರಣ ಹಂಚುವ ರೀತಿಯನ್ನೇ ಪತ್ರಕರ್ತರ ಮುಂದೆ ಪ್ರಶ್ನಿಸಿದರು. ಅದೇ ಜುಲೈನಲ್ಲಿ ಬಂದ ತೀರ್ಪು ಆ ಅಧಿಕಾರವನ್ನು ಮುಖ್ಯ ನ್ಯಾಯಮೂರ್ತಿಗಳಲ್ಲೇ ಉಳಿಸಿತು.

ಪೀಠ ಎಂದರೆ ಊರೂ ಹೌದು. ನಮ್ಮ ಹೈಕೋರ್ಟಿಗೆ ಧಾರವಾಡ, ಗುಲ್ಬರ್ಗಾಗಳಲ್ಲಿ 2008ರ ಜುಲೈನಲ್ಲಿ ಸಂಚಾರಿ ಪೀಠಗಳು ಬಂದವು, 2013ರ ಆಗಸ್ಟ್‌ನಲ್ಲಿ ಅವು ಕಾಯಂ ಆದವು. ಅದಕ್ಕೂ ಮೊದಲು ಬೀದರಿನವರು ಒಂದು ವಾಯಿದೆಗೆ ರಾತ್ರಿಯಿಡೀ ಪ್ರಯಾಣ ಮಾಡಿ ಬೆಂಗಳೂರಿಗೆ ಬರಬೇಕಿತ್ತು. ಗುಬ್ಬಿ, ಕುಣಿಗಲ್‌ನವರು ಬೆಳಿಗ್ಗೆ ಹೋಗಿ ಸಂಜೆಗೆ ಮನೆ ಸೇರುತ್ತೇವೆ, ಆ ಕಷ್ಟ ನಮಗೆ ತಿಳಿಯದು. ಮುಖ್ಯ ನ್ಯಾಯಮೂರ್ತಿಗಳು ಒಂದು ಪೀಠದ ಕಡತವನ್ನು ಇನ್ನೊಂದು ಪೀಠಕ್ಕೆ ಕಳುಹಿಸಿದರೆ, ಕಡತದ ಹಿಂದೆ ಕಕ್ಷಿದಾರರೂ ಹೊರಡಬೇಕು.

ನಮ್ಮ ಜಿಲ್ಲೆಯೊಳಗೂ ಇದರ ಚಿಕ್ಕ ರೂಪವಿದೆ. ಸಿವಿಲ್ ಪ್ರಕ್ರಿಯಾ ಸಂಹಿತೆಯ 24ನೇ ಕಲಮಿನಂತೆ ಗುಬ್ಬಿಯ ದಾವೆಯನ್ನು ಜಿಲ್ಲೆಯ ಬೇರೆ ನ್ಯಾಯಾಲಯಕ್ಕೆ ವರ್ಗಾಯಿಸುವ ಅಧಿಕಾರ ಜಿಲ್ಲಾ ನ್ಯಾಯಾಲಯಕ್ಕಿದೆ. ಗಂಡ ಬೆಂಗಳೂರಿನಲ್ಲಿ ದಾವೆ ಹೂಡಿದ್ದಾನೆ, ಹೆಂಡತಿ ಮಗುವಿನೊಂದಿಗೆ ಕುಣಿಗಲ್‌ನ ತವರಿನಲ್ಲಿದ್ದಾಳೆ ಎನ್ನೋಣ. ಆಗ ಜಿಲ್ಲೆ ಬೇರೆಯಾಗುವುದರಿಂದ ಅರ್ಜಿ ಹೈಕೋರ್ಟಿಗೆ. ಹೆಂಡತಿಯ ಅನುಕೂಲಕ್ಕೆ ನ್ಯಾಯಾಲಯಗಳು ಸಾಮಾನ್ಯವಾಗಿ ಬೆಲೆ ಕೊಡುತ್ತವೆ. ಆದರೆ ಇಂಥ ಜಡ್ಜೇ ಬೇಕು ಎಂದು ಯಾರೂ ಕೇಳುವಂತಿಲ್ಲ.

ಈ ಅರ್ಜಿಗೆ ವಕೀಲರನ್ನಿಡುವ ಶಕ್ತಿ ಇಲ್ಲದ ಹೆಣ್ಣುಮಕ್ಕಳು ಹಿಂಜರಿಯಬೇಡಿ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ ಪ್ರಕಾರ ಮಹಿಳೆಯರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ನೆರವು ಸಿಗುತ್ತದೆ. ತಾಲ್ಲೂಕು ನ್ಯಾಯಾಲಯದಲ್ಲಿ ಕಾನೂನು ಸೇವಾ ಸಮಿತಿಯನ್ನು ವಿಚಾರಿಸಿ. ಅರ್ಜಿ ಬರೆಯಲು ಬಾರದ ತಾಯಂದಿರ ಜೊತೆಗೆ ನಮ್ಮ ಹತ್ತನೇ ತರಗತಿಯ ಹುಡುಗಿಯರು ಹೋಗಲಿ. ಕನ್ನಡದಲ್ಲಿ ಅರ್ಜಿ ಬರೆಯುವುದನ್ನು ಅವರಿಗೆ ನಾನೇ ಕಲಿಸಿದ್ದೇನೆ.