ಕಚೇರಿಯ ಕಡತಗಳೂ ವರ್ಷಾಂತ್ಯವೂ



ಮಾರ್ಚ್ 31ನೆಯ ತಾರೀಖು ಸಮೀಪಿಸಿತೆಂದರೆ ಕಚೇರಿಗಳಲ್ಲಿ ಹಣದ ಲೆಕ್ಕವನ್ನು ಮುಗಿಸುವ ಅವಸರವು ಕಾಣುವುದು. ಅದೇ ಮರ್ಯಾದೆಯು ಕಾಗದಪತ್ರಗಳ ಲೆಕ್ಕಕ್ಕೂ ದೊರೆಯಬೇಕೆಂದು ಈ ಹೊತ್ತು ತಮ್ಮಲ್ಲಿ ಅರಿಕೆ ಮಾಡಬೇಕೆಂದಿರುವೆನು.

ಪೂರ್ವದಲ್ಲಿ ಕಡತವೆಂದರೆ, ಬಟ್ಟೆಗೆ ಹುಣಿಸೆಬೀಜದ ಅಂಟನ್ನೂ ಇದ್ದಿಲ ಪುಡಿಯನ್ನೂ ಬಳಿದು, ಮಡಿಕೆ ಮಡಿಕೆಯಾಗಿ ಮಡಿಸಿದ ಕಪ್ಪು ಪುಸ್ತಕ. ಶಾನುಭೋಗರೂ ವರ್ತಕರೂ ಅದರ ಮೇಲೆ ಬಳಪದಿಂದ ಬರೆಯುತ್ತಿದ್ದರು. ಬೇಡವಾದುದನ್ನು ಅಳಿಸಿ, ಅದೇ ಜಾಗದಲ್ಲಿ ಹೊಸದನ್ನು ಬರೆಯಬಹುದಾಗಿತ್ತು. ಅಳಿಸುವ ಮುನ್ನ, ಉಳಿಸತಕ್ಕುದು ಯಾವುದೆಂದು ಆಲೋಚಿಸಲೇಬೇಕಾಗಿತ್ತು. ಬಟ್ಟೆ ಹೋಗಿ ಕಾಗದ ಬಂದ ಮೇಲೆ ಹೆಸರು ನಿಂತಿತು. ಆ ಆಲೋಚನೆ ಸಡಿಲವಾಯಿತು. ಎಲ್ಲವನ್ನೂ ಅಟ್ಟಕ್ಕೆ ಏರಿಸುವುದು, ಅಟ್ಟ ತುಂಬಿದ ದಿನ ಎಲ್ಲವನ್ನೂ ರದ್ದಿಗೆ ಹಾಕುವುದು, ಹೀಗೆ ಎಷ್ಟೋ ಕಡೆ ನಡೆಯುವುದುಂಟು.

ಇದರಿಂದ ನಷ್ಟಪಡುವವರು ಯಾರು? ನಾಗಮಂಗಲ ತಾಲ್ಲೂಕು ದೇವಲಾಪುರ ಹೋಬಳಿಯ ಒಬ್ಬ ರೈತನನ್ನು ಊಹಿಸಿಕೊಳ್ಳಿ. ಅಣ್ಣತಮ್ಮಂದಿರಲ್ಲಿ ಜಮೀನಿನ ತಕರಾರು ಹುಟ್ಟಿದೆ. ತಾತನ ಕಾಲದ ಖಾತೆ ಬದಲಾವಣೆಯ ನಕಲು ಬೇಕಾಗಿದೆ. ಅಂದು ಲೆಕ್ಕ ಬರೆಯುತ್ತಿದ್ದ ವಂಶಪಾರಂಪರ್ಯದ ಶಾನುಭೋಗಿಕೆಯು 1961ರ ಕಾಯಿದೆಯಿಂದ ರದ್ದಾಯಿತು. ನೆನಪಿನಿಂದ ಹೇಳಬಲ್ಲ ಹಿರಿಯರು ತೀರಿಕೊಂಡಿದ್ದಾರೆ. 2002ರ ಹೊತ್ತಿಗೆ 'ಭೂಮಿ' ಯೋಜನೆಯು ರಾಜ್ಯದ ಸುಮಾರು 2 ಕೋಟಿ ಪಹಣಿಗಳನ್ನು ಗಣಕಯಂತ್ರಕ್ಕೆ ಏರಿಸಿದ್ದು ದೊಡ್ಡ ಉಪಕಾರವೇ ಸರಿ; ಆದರೆ ಅದಕ್ಕೂ ಹಿಂದಿನ ಸಂಗತಿಗೆ ಹಳೆಯ ಕಾಗದವೇ ಮೂಲಾಧಾರ. ಆ ಹಾಳೆಯು ದಫ್ತರದಲ್ಲಿ ಇದ್ದೂ ಸಿಕ್ಕದೆ ಹೋದರೆ, ಅವನ ಪಾಲಿಗೆ ಅದು ಇಲ್ಲದಂತೆಯೇ. "ನಾಳೆ ಬಾ" ಎಂಬ ಒಂದು ಮಾತಿಗೆ ಅವನ ಒಂದು ದಿನದ ಕೆಲಸವೂ ಬಸ್ಸಿನ ಚಾರ್ಜೂ ಹೋಗುವುವು.

ಆದುದರಿಂದ ವರ್ಷಾಂತ್ಯದಲ್ಲಿ ಮಾಡತಕ್ಕ ಕೆಲಸಗಳು ನಾಲ್ಕು. ಮೊದಲನೆಯದು, ಮುಗಿದ ಕಡತಗಳನ್ನು ನಡೆಯುತ್ತಿರುವವುಗಳಿಂದ ಬೇರ್ಪಡಿಸಿ, ಪುಟಗಳಿಗೆ ಅಂಕಿ ಹಾಕುವುದು. ಎರಡನೆಯದು, ಪ್ರತಿಯೊಂದರ ಆಯುಸ್ಸನ್ನು ನಿಯಮದಂತೆ ನಿರ್ಣಯಿಸಿ ಮೇಲುಹೊದಿಕೆಯ ಮೇಲೆ ಬರೆಯುವುದು. ಹಕ್ಕಿಗೆ ಸಂಬಂಧಿಸಿದುದು ಶಾಶ್ವತವಾಗಿ ಉಳಿಯತಕ್ಕುದು, ರಜೆಯ ಅರ್ಜಿಗೆ ಅಷ್ಟು ಆಯುಸ್ಸು ಬೇಡ. ಮೂರನೆಯದು, ಊರು, ವಿಷಯ, ವರ್ಷ, ಕಪಾಟಿನ ಸಂಖ್ಯೆ ಇವುಗಳನ್ನು ತೋರಿಸುವ ಪಟ್ಟಿಯನ್ನು ಸಿದ್ಧಪಡಿಸುವುದು. ನಾಲ್ಕನೆಯದು, ಅವಧಿ ತೀರಿದವನ್ನು ಮೇಲಧಿಕಾರಿಯ ರುಜುವಿನೊಡನೆ, ಪಟ್ಟಿ ಬರೆದಿಟ್ಟೇ ನಾಶಪಡಿಸುವುದು.

ದಾಖಲೆಗಳನ್ನು ಪಟ್ಟಿಮಾಡಿ, ಸೂಚಿಯೊಡನೆ ಇಡತಕ್ಕದ್ದೆಂದು 2005ರ ಮಾಹಿತಿ ಹಕ್ಕು ಕಾಯಿದೆಯ 4ನೆಯ ಪ್ರಕರಣವು ವಿಧಿಸಿದೆ. ಕೊಟ್ಟೇವೆಂದು ಮನಸ್ಸಿದ್ದರೂ ಹುಡುಕಲಾಗದಿದ್ದಲ್ಲಿ ಕೊಡುವ ಬಗೆ ಹೇಗೆ? ಕಾಲವೂ ಈ ಕೆಲಸಕ್ಕೆ ಅನುಕೂಲವಾಗಿದೆ. ಮುಂಗಾರು ಮಳೆ ಹಿಡಿಯುವುದಕ್ಕೆ ಮುಂಚಿನ ಈ ಒಣ ದಿನಗಳಲ್ಲಿ ಕಟ್ಟುಗಳನ್ನು ಬಿಚ್ಚಿ ಧೂಳು ಕೊಡವಿ, ಗೆದ್ದಲು ಹತ್ತಿದೆಯೇ ಎಂದು ನೋಡಿ, ಗೋಡೆಗೆ ತಾಗದಂತೆ ಇಟ್ಟರೆ ಮಳೆಗಾಲದ ತೇವವು ಅಷ್ಟಾಗಿ ಬಾಧಿಸದು.

ಪಟ್ಟಿ ಬರೆದ ಗುಮಾಸ್ತೆಯ ಹೆಸರನ್ನು ಯಾರೂ ಕೇಳುವುದಿಲ್ಲ. ಆದರೆ ಮೂವತ್ತು ವರ್ಷಗಳ ಮೇಲೆ, ಆತನನ್ನು ಕಂಡರಿಯದ ಒಬ್ಬ ರೈತನು ಬೆಳಗ್ಗೆ ಕಚೇರಿಗೆ ಬಂದು, ಮಧ್ಯಾಹ್ನದ ಬಸ್ಸಿಗೆ ನಕಲು ಹಿಡಿದು ಊರಿಗೆ ಹಿಂದಿರುಗಿದರೆ, ಆ ಬರವಣಿಗೆಯು ಸಾರ್ಥಕವಾಯಿತು.