ಹೆದರುವ ಖುಷಿಗೊಂದು ಉಡುಗೊರೆ



ಕ್ರಿಸ್‌ಮಸ್ ರಜೆಗೆ ಉಡುಗೊರೆ ಕೊಡಬೇಕು; ಗೆಳೆಯನೋ ದೆವ್ವದ ಕತೆಯೆಂದರೆ ಊಟ ಮರೆಯುವವನು. ಏನು ಕೊಡುತ್ತೀರಿ? ರಬ್ಬರಿನ ತಲೆಬುರುಡೆಯೇ? ಅದರ ಭಯ ಎರಡೇ ದಿನ.

ಹಬ್ಬಕ್ಕೂ ದೆವ್ವಕ್ಕೂ ಎಲ್ಲಿಯ ನಂಟು ಎನ್ನಬೇಡಿ. ಕ್ರಿಸ್‌ಮಸ್ಸಿನ ಚಳಿರಾತ್ರಿಗಳಲ್ಲಿ ದೆವ್ವದ ಕತೆ ಹೇಳುವುದು ಇಂಗ್ಲೆಂಡಿನ ಹಳೆಯ ರೂಢಿ. 1843ರ ಡಿಸೆಂಬರಿನಲ್ಲಿ ಪ್ರಕಟವಾದ ಚಾರ್ಲ್ಸ್ ಡಿಕನ್ಸರ ‘ಎ ಕ್ರಿಸ್‌ಮಸ್ ಕ್ಯಾರಲ್’ನಲ್ಲಿ ಜಿಪುಣ ಮುದುಕನನ್ನು ತಿದ್ದುವುದು ದೆವ್ವಗಳೇ!

ಇಂಥ ಕತೆ ಓದುವಾಗ ದೇಹದಲ್ಲಿ ಅಡ್ರಿನಲಿನ್ ಸ್ರವಿಸಿ ಎದೆ ಹೊಡೆದುಕೊಳ್ಳುತ್ತದೆ. ಆದರೆ ನಾವು ಕ್ಷೇಮವಾಗಿದ್ದೇವೆಂದು ಮಿದುಳಿಗೆ ಗೊತ್ತು. ಆದ್ದರಿಂದಲೇ ಆ ಭಯ ಹಿತವೆನಿಸುತ್ತದೆ. ಕತ್ತಲಲ್ಲಿ ಹಿಂದಿನಿಂದ ಬಂದು ಬೆಚ್ಚಿಬೀಳಿಸುವುದು ಉಡುಗೊರೆಯಲ್ಲ. ಪುಸ್ತಕವನ್ನಾದರೆ ಬೇಕೆಂದಾಗ ಮುಚ್ಚಬಹುದು.

ನನ್ನ ಆಯ್ಕೆ, ಮೇರಿ ಶೆಲ್ಲಿಯವರ ‘ಫ್ರಾಂಕನ್‌ಸ್ಟೈನ್’. 1815ರಲ್ಲಿ ಇಂಡೋನೇಷ್ಯಾದ ತಂಬೋರಾ ಜ್ವಾಲಾಮುಖಿ ಸಿಡಿಯಿತು. ಅದರ ಪರಿಣಾಮವಾಗಿ ಮರುವರ್ಷ ಯುರೋಪಿನಲ್ಲಿ ಬೇಸಿಗೆಯೂ ಚಳಿಮಳೆಯಲ್ಲೇ ಕಳೆಯಿತು. ಜಿನೀವಾ ಸರೋವರದ ದಡದಲ್ಲಿ ಮನೆಯೊಳಗೇ ಉಳಿದ ಗೆಳೆಯರು ದೆವ್ವದ ಕತೆ ಬರೆಯುವ ಪಂಥ ಕಟ್ಟಿದರು. 18 ವರ್ಷದ ಮೇರಿ ಆಗ ಆರಂಭಿಸಿದ ಕತೆ 1818ರಲ್ಲಿ ಪುಸ್ತಕವಾಯಿತು. ಅದರಲ್ಲಿ ದೆವ್ವವಿಲ್ಲ, ತಾನೇ ಸೃಷ್ಟಿಸಿದ ಜೀವಿಯನ್ನು ಕೈಬಿಟ್ಟು ಓಡಿದ ವಿಜ್ಞಾನಿಯಿದ್ದಾನೆ. ವಿಜ್ಞಾನ ಓದುವ ನಿಮಗೆ ಅದು ದೆವ್ವಕ್ಕಿಂತ ದೊಡ್ಡ ಭಯವಾಗಬೇಕು.

ಪುಸ್ತಕದ ಜೊತೆಗೊಂದು ಟಾರ್ಚನ್ನೂ ಇಡಿ. ಓದಿದ ರಾತ್ರಿ ಅಟ್ಟದಲ್ಲಿ ಸದ್ದಾದರೆ ಗೆಳೆಯ ಮುಸುಕೆಳೆದುಕೊಳ್ಳದೆ ಬೆಳಕು ಹಾಯಿಸಿ ನೋಡಲಿ. ಇಲಿಯೋ ಗೂಬೆಯೋ ಕಂಡೀತು. ಭಯವನ್ನು ಕುತೂಹಲವಾಗಿಸಿದ ಉಡುಗೊರೆ ರಜೆ ಮುಗಿದರೂ ಮುಗಿಯದು.