ಚಿಮಣಿಯ ಎತ್ತರ



ರಾಯಚೂರಿನಿಂದ ಶಕ್ತಿನಗರದ ದಾರಿ ಹಿಡಿದರೆ ಊರಿಗಿಂತ ಮೊದಲು ಶಾಖೋತ್ಪನ್ನ ಕೇಂದ್ರದ ಚಿಮಣಿಗಳು ಕಾಣುತ್ತವೆ. ಅಲ್ಲಿನ ಮೊದಲ ಘಟಕ ಶುರುವಾದದ್ದು 1985ರಲ್ಲಿ. ಇಂಥ ಚಿಮಣಿಗಳು ಅಷ್ಟು ಎತ್ತರ ಏಕೆ? ಅದಕ್ಕೆ ಕಾನೂನಿನ ಒಂದು ಚರಿತ್ರೆಯೇ ಇದೆ.

ದೇಶಕ್ಕೆಲ್ಲ ಅನ್ವಯಿಸುವ ವಾಯುಮಾಲಿನ್ಯ ಕಾಯ್ದೆ 1981ರಲ್ಲಿ ಬಂತು. ಅದರ ಬೆನ್ನಿಗೇ ಬಂದ ನಿಯಮಗಳು ಹಾರುಬೂದಿಗೆ ಮಿತಿ ಹಾಕಿದವು. ನಮ್ಮ ಕಲ್ಲಿದ್ದಲಲ್ಲಿ ಹೆಚ್ಚುಕಡಿಮೆ ಮೂರನೇ ಒಂದು ಪಾಲು ಬೂದಿಯೇ. ಅದನ್ನು ಹಿಡಿಯುವುದು ಇಎಸ್‌ಪಿ ಯಂತ್ರ. ಹೊಗೆ ಹಾಯುವ ದಾರಿಯಲ್ಲಿ ಉಕ್ಕಿನ ತಗಡುಗಳು ಸಾಲಾಗಿ ತೂಗುತ್ತಿರುತ್ತವೆ, ನಡುವಿನ ತಂತಿಗಳಲ್ಲಿ ಸಾವಿರಾರು ವೋಲ್ಟ್ ವಿದ್ಯುತ್. ಬೂದಿ ತಗಡಿಗೆ ಅಂಟುತ್ತದೆ. ಸುತ್ತಿಗೆ ಬಡಿದಾಗ ಪದರಪದರವಾಗಿ ಕೆಳಗಿನ ಹಾಪರ್‌ಗೆ ಉದುರುತ್ತದೆ.

ಆದರೆ ಗಂಧಕದ ಡೈಆಕ್ಸೈಡಿಗೆ ಮಿತಿಯೇ ಇರಲಿಲ್ಲ. 200 ಮೆಗಾವಾಟಿನ ಘಟಕಕ್ಕೆ 220 ಮೀಟರ್, 500 ಮೆಗಾವಾಟಿನದಕ್ಕೆ 275 ಮೀಟರ್ ಚಿಮಣಿ ಕಟ್ಟಿದರೆ ಸಾಕಿತ್ತು. ಎತ್ತರದಲ್ಲಿ ಬಿಟ್ಟ ಅನಿಲ ನೆಲ ಮುಟ್ಟುವಷ್ಟರಲ್ಲಿ ತೆಳುವಾಗುತ್ತದೆ ಎಂಬ ಲೆಕ್ಕ. ಚಿಮಣಿ ಬುಡದ ಊರುಗಳಿಗೆ ಇದರಿಂದ ಉಪಕಾರವಾದದ್ದು ನಿಜ. ಆದರೆ ಅನಿಲ ಇಲ್ಲವಾಗಲಿಲ್ಲ. ಗಾಳಿಯ ಜೊತೆ ನೂರಾರು ಕಿಲೋಮೀಟರ್ ಸಾಗಿ, ಸಲ್ಫೇಟಿನ ಸೂಕ್ಷ್ಮ ಕಣವಾಗಿ, ಆ ಸ್ಥಾವರದ ಹೆಸರೂ ಕೇಳದ ಮಕ್ಕಳ ಎದೆಗೂಡು ಸೇರಿತು.

2015ರ ಡಿಸೆಂಬರ್ 7ರಂದು ಕೇಂದ್ರ ಪರಿಸರ ಸಚಿವಾಲಯ ಗಂಧಕದ ಡೈಆಕ್ಸೈಡು, ಸಾರಜನಕದ ಆಕ್ಸೈಡು, ಪಾದರಸಗಳಿಗೂ ಮಿತಿ ವಿಧಿಸಿತು. 2017ರಿಂದ ಶುರುವಾಗುವ ಘಟಕಗಳ ಹೊಗೆಯಲ್ಲಿ ಘನ ಮೀಟರಿಗೆ 100 ಮಿಲಿಗ್ರಾಂ ಮೀರಿ ಗಂಧಕದ ಡೈಆಕ್ಸೈಡು ಇರುವಂತಿರಲಿಲ್ಲ. ಅದಕ್ಕೆ ಬೇಕಾದದ್ದು ಎಫ್‌ಜಿಡಿ ಎಂಬ ಯಂತ್ರ. ಸುಣ್ಣಕಲ್ಲಿನ ಪುಡಿ ಕಲಸಿದ ನೀರನ್ನು ಹೊಗೆಯ ಮೇಲೆ ಮಳೆಯಂತೆ ಸುರಿಸಿದರೆ ಗಂಧಕ ಜಿಪ್ಸಂ ಆಗಿ ಕೈಗೆ ಸಿಗುತ್ತದೆ, ಸಿಮೆಂಟಿಗೆ ಬಳಕೆಯಾಗುತ್ತದೆ. ಹಳೆಯ ಘಟಕಗಳಿಗೆ ಕೊಟ್ಟದ್ದು ಎರಡು ವರ್ಷದ ಗಡುವು. ಅದು 2022ಕ್ಕೆ ಹೋಯಿತು, ಆಮೇಲೆ ಇನ್ನೂ ಮುಂದಕ್ಕೆ.

2025ರ ಜುಲೈನಲ್ಲಿ ಮುಕ್ಕಾಲು ಪಾಲಿಗೂ ಹೆಚ್ಚು ಘಟಕಗಳಿಗೆ ಗಂಧಕದ ಮಿತಿಯಿಂದಲೇ ವಿನಾಯಿತಿ ಸಿಕ್ಕಿತು. ನಮ್ಮ ಕಲ್ಲಿದ್ದಲಲ್ಲಿ ಗಂಧಕ ಕಡಿಮೆ ಎನ್ನುತ್ತಾರೆ. ಹೌದು, ನೂರು ಟನ್ನಿಗೆ ಅರ್ಧ ಟನ್ನಿನಷ್ಟು. ಆದರೆ ವರ್ಷಕ್ಕೆ ಕೋಟ್ಯಂತರ ಟನ್ ಸುಡುವಾಗ ಆ ಅರ್ಧವೇ ಬೆಟ್ಟವಾಗುತ್ತದೆ. ಗಂಧಕ ಕಡಿಮೆ, ಹಾಗಾಗಿ ಮಿತಿ ಬೇಡ ಎಂಬ ವಾದವನ್ನು ನಾನು ಒಪ್ಪಲಾರೆ. ವಿನಾಯಿತಿ ಪಡೆದ ಘಟಕಗಳ ಮೇಲೂ ಒಂದು ಷರತ್ತು ಉಳಿದಿದೆ, 2029ರ ಕೊನೆಯೊಳಗೆ ಪಾಲಿಸಬೇಕಾದದ್ದು: ಚಿಮಣಿ ಗೊತ್ತುಪಡಿಸಿದಷ್ಟು ಎತ್ತರ ಇರಬೇಕು.